ತಟ್ಟೆಯ ದನಿ ಗಾಳಿಗೆ ಹೋಗುವ ಮುನ್ನ

ಟರ್ನ್‌ಟೇಬಲ್ ಮನೆಗೆ ತಂದವರು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಹಾಲಿನಲ್ಲಿ, ಅಡುಗೆಮನೆಯಲ್ಲಿ ವೈರ್‌ಲೆಸ್ ಸ್ಪೀಕರ್‌ಗಳು ಆಗಲೇ ಇವೆ. ಫೋನಿನಿಂದ ಹಾಡು ಕಳಿಸಿದರೆ ಎಲ್ಲವೂ ಒಟ್ಟಿಗೆ ನುಡಿಯುತ್ತವೆ. ರೆಕಾರ್ಡನ್ನೂ ಅವುಗಳಲ್ಲೇ ಕೇಳಬಹುದೇ? ಖಂಡಿತ ಕೇಳಬಹುದು. ಆದರೆ ಬಲ್ಲವರನ್ನು ವಿಚಾರಿಸಿದರೆ ಮೊದಲು ಸಿಗುವುದು ಹೆಚ್ಚಾಗಿ ಒಂದು ಆಕ್ಷೇಪ: ಹಾಗೆ ಮಾಡುವುದಾದರೆ ರೆಕಾರ್ಡಾದರೂ ಏಕೆ ಬೇಕು? ವೈಫೈ ಮೇಲೆ ಹೋಗಬೇಕಾದರೆ ದನಿ ಅಂಕಿಗಳಾಗಲೇಬೇಕು, ಒಮ್ಮೆ ಡಿಜಿಟಲ್ ಆಯಿತೆಂದರೆ ತಟ್ಟೆಯಲ್ಲಿದ್ದ ಜೀವ ಅಲ್ಲಿಗೇ ಮುಗಿಯಿತು.

ಈ ಆಕ್ಷೇಪದಲ್ಲಿ ಮೊದಲರ್ಧ ನಿಜ, ಎರಡನೆಯ ಅರ್ಧ ನಿಜವಲ್ಲ. ಇದರ ಮೇಲೆ ನಡೆಯುವ ಜಗಳದಲ್ಲಿ ಇನ್ನೂ ದೊಡ್ಡದಾದ ಒಂದು ಸಂಗತಿ ಮರೆಯಾಗಿಬಿಡುತ್ತದೆ. ತಟ್ಟೆಯ ದನಿ ಅಂಕಿಗಳಾಗುವುದರ ಬಗ್ಗೆ ನನ್ನ ತಕರಾರಿಲ್ಲ. ಅಂಕಿಗಳಾದ ಮೇಲೂ ಅದನ್ನು ಉಳಿಸಿಕೊಳ್ಳದೆ ಹಾಗೆಯೇ ಕೈಬಿಡುತ್ತೇವಲ್ಲ, ತಕರಾರಿರುವುದು ಅದರ ಬಗ್ಗೆ.

ಮೊದಲು ದನಿ ಸಾಗುವ ದಾರಿಯನ್ನು ನೋಡೋಣ. ತಟ್ಟೆಯ ಗೀರಿನಲ್ಲಿ ಮುಳ್ಳು ಅಲುಗಿದಾಗ ಕಾರ್ಟ್ರಿಡ್ಜ್‌ನಲ್ಲಿ ಹುಟ್ಟುವ ವಿದ್ಯುತ್ತು ತೀರಾ ಸಣ್ಣದು. ಇಂದು ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಡ್ಜ್ ಕೊಡುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಸ್ಪೀಕರಿನ ಲೈನ್-ಇನ್ ಕಿಂಡಿಗೆ ಬೇಕಾದದ್ದು ಇದರ ನೂರು ಪಟ್ಟು. ಈ ಕೊರತೆಯನ್ನು ತುಂಬುವುದು ಫೋನೋ ಪ್ರೀಆಂಪ್. ಅದು ದನಿಯನ್ನು ಹಿಗ್ಗಿಸುವುದಷ್ಟೇ ಅಲ್ಲ, ತಿದ್ದುತ್ತದೆ ಕೂಡ. ತಟ್ಟೆ ಕೊರೆಯುವಾಗ ತಗ್ಗು ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಗೀರು ಅಗಲವಾಗಿ ಪಕ್ಕದ ಗೀರಿಗೆ ನುಗ್ಗುತ್ತದೆ. ಏರು ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಅವು ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಹಾಗಾಗಿ ಕೊರೆಯುವಾಗಲೇ ತಗ್ಗನ್ನು ಇಳಿಸಿ, ಏರನ್ನು ಎತ್ತಿ ಕೊರೆಯುತ್ತಾರೆ. ಎಷ್ಟು ಇಳಿಸಬೇಕು, ಎಷ್ಟು ಎತ್ತಬೇಕು ಎಂಬುದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಒಂದು ಅಳತೆಯನ್ನು ಗೊತ್ತುಮಾಡಿತು. ಆರ್‌ಐಎಎ ಕರ್ವ್ ಎಂದು ಎಲ್ಲರೂ ಕರೆಯುವುದು ಇದನ್ನೇ. 20 ಹರ್ಟ್ಸ್‌ನ ದನಿ ತಟ್ಟೆಯ ಮೇಲೆ 1,000 ಹರ್ಟ್ಸ್‌ನ ದನಿಗಿಂತ ಸುಮಾರು 19 ಡೆಸಿಬೆಲ್ ಕೆಳಗಿರುತ್ತದೆ. 20,000 ಹರ್ಟ್ಸ್‌ನದು ಹೆಚ್ಚುಕಡಿಮೆ ಅಷ್ಟೇ ಮೇಲಿರುತ್ತದೆ. ಪ್ರೀಆಂಪ್ ಇದನ್ನು ತಲೆಕೆಳಗು ಮಾಡಿ ಸಮಕ್ಕೆ ತರುತ್ತದೆ. ಪ್ರೀಆಂಪ್ ಇಲ್ಲದೆ ನೇರ ಜೋಡಿಸಿದರೆ ಎಲ್ಲೋ ದೂರದ ರೇಡಿಯೋದಂತೆ ತೆಳುವಾದ, ಚೀರುವ ದನಿ ಬರುವುದು ಈ ಕಾರಣಕ್ಕೆ.

ಅಂದರೆ 'ಶುದ್ಧ ಅನಲಾಗ್' ಎಂದು ನಾವು ಹೊಗಳುವ ಗೀರಿನಲ್ಲಿರುವುದು ಹಾಡಿದ ಹಾಗೆಯೇ ಇರುವ ದನಿಯಲ್ಲ. ಅದು ಬಗ್ಗಿಸಿ ಬರೆದ ದನಿ. ಓದುವಾಗ ನೆಟ್ಟಗೆ ಮಾಡಿಕೊಳ್ಳಬೇಕು. ಗೀರಿಗೆ ಇನ್ನೊಂದು ಮಿತಿಯೂ ಇದೆ. 12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾಯುತ್ತದೆ. ಲೇಬಲ್ಲಿನ ಹತ್ತಿರ ಬರುವ ಹೊತ್ತಿಗೆ ಅದು 21ಕ್ಕೆ ಇಳಿದಿರುತ್ತದೆ. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ತುರುಕಬೇಕು. ಪ್ರತಿ ಬದಿಯ ಕೊನೆಯ ಹಾಡು ಸ್ವಲ್ಪ ಮಂಕಾಗಿ, ಸಕಾರಗಳು ಒಡೆದಂತೆ ಕೇಳುವುದನ್ನು ರೆಕಾರ್ಡು ಬಲ್ಲವರೆಲ್ಲ ಗಮನಿಸಿರುತ್ತಾರೆ. ಇದನ್ನು ಹೇಳುತ್ತಿರುವುದು ಗೀರನ್ನು ಹೀಯಾಳಿಸುವುದಕ್ಕಲ್ಲ. ಇಷ್ಟು ಮಿತಿಗಳ ನಡುವೆಯೂ ಮನುಷ್ಯರು ಆ ಗೀರಿನಿಂದ ಏನೇನು ಹೊರಡಿಸಿದ್ದಾರೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ. ಆದರೆ ಅದು ಕೈ ತಾಗಿದರೆ ಕೆಡುವ ದೈವಿಕ ವಸ್ತು ಎಂಬ ನಂಬಿಕೆಗೆ ಆಧಾರವಿಲ್ಲ.

ಇನ್ನು ಅಂಕಿಗಳ ಮಾತು. ಡಿಜಿಟಲ್ ಎಂದರೆ ಅಲೆಯನ್ನು ತುಂಡುತುಂಡಾಗಿ ಕತ್ತರಿಸುವುದು, ತುಂಡುಗಳ ನಡುವೆ ಸಂಗೀತ ಸೋರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಾಗುವುದಿಲ್ಲ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಸೂಚಿಸಿ, 1949ರಲ್ಲಿ ಕ್ಲಾಡ್ ಶಾನನ್ ಗಣಿತದಲ್ಲಿ ಖಚಿತವಾಗಿ ಬರೆದಿಟ್ಟ ತತ್ವ ಸರಳವಾಗಿದೆ: ಒಂದು ಅಲೆಯಲ್ಲಿರುವ ಅತಿ ಏರಿನ ಕಂಪನಕ್ಕೆ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಆ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ನಡುವಿನ ಬಿಂದುಗಳಲ್ಲಿ ಊಹೆಯಿಲ್ಲ, ಸೋರಿಕೆಯಿಲ್ಲ. ಮನುಷ್ಯರ ಕಿವಿಗೆ ಎಳೆಯ ವಯಸ್ಸಿನಲ್ಲೂ ಕೇಳುವುದು 20,000 ಹರ್ಟ್ಸ್‌ವರೆಗೆ. 1982ರಲ್ಲಿ ಬಂದ ಸಿ.ಡಿ. ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಅತಿ ಮೆಲ್ಲನೆಯ ದನಿಗೂ ಅತಿ ಗಟ್ಟಿಯ ದನಿಗೂ ನಡುವಿನ ಅಂತರ ಒಳ್ಳೆಯ ಎಲ್‌ಪಿಯಲ್ಲಿ ಸುಮಾರು 60ರಿಂದ 70 ಡೆಸಿಬೆಲ್ ಇದ್ದರೆ, ಸಿ.ಡಿ.ಯ 16 ಬಿಟ್ಟಿನಲ್ಲಿ 96. ದೊಡ್ಡ ಪಾತ್ರೆಗೆ ಸಣ್ಣ ಪಾತ್ರೆಯ ನೀರು ಸುರಿದರೆ ಒಂದು ಹನಿಯೂ ಹೊರಚೆಲ್ಲಬೇಕಾಗಿಲ್ಲ. ತಟ್ಟೆಯ ಬೆಚ್ಚಗಿನ ದನಿ, ಚಟಪಟ, ಮುಳ್ಳು ತಾಗುವಾಗಿನ ಆ ದಪ್ಪನೆಯ ಸದ್ದು, ಎಲ್ಲವೂ ಅಂಕಿಗಳೊಳಗೆ ಹಾಗೆಯೇ ಕುಳಿತಿರುತ್ತವೆ.

ಇದಕ್ಕೆ ಗಣಿತಕ್ಕಿಂತ ಗಟ್ಟಿಯಾದ ಸಾಕ್ಷಿಯೊಂದು 2022ರ ಜುಲೈಯಲ್ಲಿ ಹೊರಬಿತ್ತು. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ಹಳೆಯ ಮೂಲ ಟೇಪುಗಳಿಂದ ತಯಾರಿಸುವ ದುಬಾರಿ ಎಲ್‌ಪಿಗಳಿಗೆ ಹೆಸರಾದದ್ದು. ಅನಲಾಗ್ ದನಿ ಎಂದರೆ ಇದು ಎಂದು ಶ್ರೋತೃಗಳೂ ವಿಮರ್ಶಕರೂ ವರ್ಷಗಟ್ಟಲೆ ಆ ತಟ್ಟೆಗಳನ್ನು ಕೊಂಡಾಡಿದ್ದರು. ಆಮೇಲೆ ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು: 2011ರಿಂದಲೇ ಅನೇಕ ತಟ್ಟೆಗಳನ್ನು ಕೊರೆಯುವ ಮೊದಲು ಮೂಲ ಟೇಪಿನ ಡಿಜಿಟಲ್ ಪ್ರತಿ ತೆಗೆದುಕೊಳ್ಳಲಾಗಿತ್ತು. ಪ್ರಕರಣ ನ್ಯಾಯಾಲಯ ಹತ್ತಿ ರಾಜಿಯಲ್ಲಿ ಮುಗಿಯಿತು. ಕೊಂಡವರಿಗೆ ಹೇಳದೆ ಮಾರಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹನ್ನೊಂದು ವರ್ಷಗಳಲ್ಲಿ ಜಗತ್ತಿನ ಅತ್ಯಂತ ಚುರುಕು ಕಿವಿಗಳು ಅತ್ಯಂತ ದುಬಾರಿ ಸಲಕರಣೆಗಳ ಮುಂದೆ ಕುಳಿತು ಕೇಳಿದರೂ ನಡುವೆ ಅಂಕಿಗಳು ಹಾದುಹೋದದ್ದನ್ನು ಗುರುತಿಸಲಾಗಲಿಲ್ಲ. ಇದು ಅವರ ಕಿವಿಯ ದೋಷವಲ್ಲ. ಅಲ್ಲಿ ಗುರುತಿಸಲು ಏನೂ ಇರಲಿಲ್ಲ. ಇದು ಇತ್ತೀಚಿನ ಬೆಳವಣಿಗೆಯೂ ಅಲ್ಲ. ಜಪಾನಿನ ಡೆನಾನ್ ಕಂಪನಿ 1970ರ ದಶಕದ ಆರಂಭದಲ್ಲೇ ಡಿಜಿಟಲ್‌ನಲ್ಲಿ ಮುದ್ರಿಸಿ ಎಲ್‌ಪಿ ಹೊರತಂದಿತ್ತು. ತಟ್ಟೆ ಕೊರೆಯುವ ಯಂತ್ರಕ್ಕೆ ಮುಂದಿನ ಗೀರು ಎಷ್ಟು ಅಗಲ ಬೇಕೆಂದು ಮೊದಲೇ ತಿಳಿಸಲು ಬಳಸುವ ಡಿಜಿಟಲ್ ವಿಳಂಬದ ಸಾಧನ ಆ ದಶಕದ ಕೊನೆಯಿಂದ ಅನೇಕ ಸ್ಟುಡಿಯೋಗಳಲ್ಲಿತ್ತು. ನಮ್ಮ ಕಪಾಟಿನ ಎಂಬತ್ತರ ದಶಕದ ಎಲ್‌ಪಿಗಳಲ್ಲಿ ಕೆಲವಾದರೂ ಆಗಲೇ ಒಮ್ಮೆ ಅಂಕಿಗಳಾಗಿ ಬಂದವೇ.

ಹಾಗಾದರೆ ವೈರ್‌ಲೆಸ್ ಸ್ಪೀಕರಿಗೆ ಜೋಡಿಸಿದಾಗ ಅನೇಕರ ಮನೆಯಲ್ಲಿ ರೆಕಾರ್ಡು ಕೆಟ್ಟದಾಗಿ ಕೇಳಿಸುವುದು ಸುಳ್ಳೇ? ಸುಳ್ಳಲ್ಲ. ಕೆಡಿಸುವ ಕಾರಣಗಳು ಬೇರೆ, ಬೈಸಿಕೊಳ್ಳುವುದು ಮಾತ್ರ ಡಿಜಿಟಲ್.

ಅತಿ ಸಾಮಾನ್ಯವಾದ ಕಾರಣ ಎರಡು ಪ್ರೀಆಂಪ್‌ಗಳು. ಇಂದಿನ ಅಗ್ಗದ ಟರ್ನ್‌ಟೇಬಲ್‌ಗಳಲ್ಲಿ ಪ್ರೀಆಂಪ್ ಒಳಗೇ ಇರುತ್ತದೆ. ಹಿಂಬದಿಯಲ್ಲಿ ಫೋನೋ, ಲೈನ್ ಎಂಬ ಎರಡು ಸ್ಥಾನಗಳ ಪುಟ್ಟ ಸ್ವಿಚ್ಚು ಇರುತ್ತದೆ. ಅದನ್ನು ಲೈನ್‌ನಲ್ಲಿಟ್ಟು, ಹೊರಗೊಂದು ಪ್ರೀಆಂಪನ್ನೂ ಸೇರಿಸಿದರೆ ತಿದ್ದುಪಡಿ ಎರಡು ಸಲ ಆಗುತ್ತದೆ. ತಗ್ಗು ಸ್ವರ ಗುಮ್ಮೆಂದು, ಮೇಲಿನದೆಲ್ಲ ಒಡೆದು ಬರುತ್ತದೆ. ಎರಡೂ ಕಡೆ ಇಲ್ಲದಿದ್ದರೆ ಮೊದಲು ಹೇಳಿದ ತೆಳು ದನಿ. ಸ್ಪೀಕರಿನಿಂದ ನಿಲ್ಲದ 50 ಹರ್ಟ್ಸ್‌ನ ಗುಂಯ್ ಬರುತ್ತಿದ್ದರೆ ಟರ್ನ್‌ಟೇಬಲ್ಲಿನಿಂದ ಹೊರಟ ತೆಳುವಾದ ಅರ್ತ್ ತಂತಿ ಪ್ರೀಆಂಪಿನ ತಿರುಪಿಗೆ ಸೇರಿದೆಯೇ ನೋಡಬೇಕು. ಆ ತಂತಿ ಪೆಟ್ಟಿಗೆಯ ತಳದಲ್ಲೇ ಸುತ್ತಿಕೊಂಡು ಬಿದ್ದಿರುವುದೇ ಹೆಚ್ಚು.

ಬ್ಲೂಟೂತ್ ಇನ್ನೊಂದು ಕಾರಣ. ವೈರ್‌ಲೆಸ್ ಎಂದೊಡನೆ ಬ್ಲೂಟೂತನ್ನೂ ವೈಫೈಯನ್ನೂ ಒಂದೇ ಎಂದು ಎಣಿಸುವುದು ತಪ್ಪು. ಸಿ.ಡಿ.ಯ ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ವೈಫೈ ಅದನ್ನು ಸಲೀಸಾಗಿ ಹೊರುತ್ತದೆ. ಬ್ಲೂಟೂತಿನ ಮೂಲ ಪದ್ಧತಿಯಾದ ಎಸ್‌ಬಿಸಿ ಉತ್ತಮ ಮಟ್ಟದಲ್ಲೂ 328 ಕಿಲೋಬಿಟ್‌ನ ಆಸುಪಾಸು. ಉಳಿದದ್ದನ್ನು ಕಿವಿಗೆ ಅಷ್ಟಾಗಿ ತಿಳಿಯದಂತೆ ಕತ್ತರಿಸಿ ಬಿಸಾಡುತ್ತದೆ. ಅಡುಗೆ ಮಾಡುತ್ತ ಕೇಳುವುದಕ್ಕೆ ಅಷ್ಟು ಸಾಕು. ಆದರೆ ತಟ್ಟೆಯ ದನಿಗೆ ಅನ್ಯಾಯವಾಯಿತೆಂದು ಕೊರಗುವವರು ಕೈತೋರಿಸಬೇಕಾದದ್ದು ಇಲ್ಲಿಗೆ, ಅಂಕಿಗಳಿಗಲ್ಲ.

ಮೂರನೆಯದು ಜಾಗ. ಸ್ಪೀಕರನ್ನೂ ಟರ್ನ್‌ಟೇಬಲನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ ಚಿತ್ರಗಳು ಜಾಹೀರಾತುಗಳಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ. ಮುಳ್ಳಿಗೆ ಗೀರಿನ ನಡುಕವೂ ಮೇಜಿನ ನಡುಕವೂ ಒಂದೇ. ಸ್ಪೀಕರ್ ಮೇಜನ್ನು ನಡುಗಿಸುತ್ತದೆ, ಮೇಜು ಮುಳ್ಳನ್ನು, ಮುಳ್ಳು ಮತ್ತೆ ಸ್ಪೀಕರನ್ನು. ದನಿ ಏರಿಸಿದಂತೆ ತಗ್ಗು ಸ್ವರಗಳು ಕೆಸರಾಗಿ, ಕೊನೆಗೆ ಊಳಿಡತೊಡಗುತ್ತವೆ. ವೈರ್‌ಲೆಸ್‌ನ ನಿಜವಾದ ಲಾಭವನ್ನು ಇಲ್ಲಿಯೇ ಬಳಸಿಕೊಳ್ಳಬೇಕು. ತಂತಿಯ ಕಟ್ಟು ಇಲ್ಲವಾದ್ದರಿಂದ ಟರ್ನ್‌ಟೇಬಲನ್ನು ಗೋಡೆಗೆ ಬಡಿದ ಗಟ್ಟಿ ಹಲಗೆಯ ಮೇಲಿಟ್ಟು ಸ್ಪೀಕರನ್ನು ಕೋಣೆಯ ಇನ್ನೊಂದು ತುದಿಗೆ ಒಯ್ಯಬಹುದು.

ವಿಳಂಬದ ಬಗ್ಗೆಯೂ ಒಂದು ಮಾತು. ಸೋನೋಸ್ ಕಂಪನಿಯ ವೈರ್‌ಲೆಸ್ ವ್ಯವಸ್ಥೆಯಲ್ಲಿ ಫೈವ್ ಎಂಬ ದೊಡ್ಡ ಸ್ಪೀಕರಿಗೆ, ಪೋರ್ಟ್, ಆಂಪ್ ಎಂಬ ಪೆಟ್ಟಿಗೆಗಳಿಗೆ ಲೈನ್-ಇನ್ ಇದೆ. 2023ರಲ್ಲಿ ಬಂದ ಎರಾ ಸ್ಪೀಕರ್‌ಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಟರ್ನ್‌ಟೇಬಲ್ ಜೋಡಿಸಿದರೆ ಮನೆಯ ಎಲ್ಲ ಸ್ಪೀಕರ್‌ಗಳಿಗೂ ಅದು ಹಂಚಿಹೋಗುತ್ತದೆ. ಎಲ್ಲ ಕೋಣೆಗಳೂ ಒಂದೇ ತಾಳದಲ್ಲಿ ನುಡಿಯಬೇಕಾದರೆ ದನಿಯನ್ನು ಸ್ವಲ್ಪ ಹೊತ್ತು ತಡೆದು ಹಿಡಿಯಲೇಬೇಕು. ಈ ವ್ಯವಸ್ಥೆಯಲ್ಲಿ ಅತಿ ಕಡಿಮೆ ತಡೆ 75 ಮಿಲಿಸೆಕೆಂಡ್. ಕೋಣೆ ನಿಶ್ಶಬ್ದವಾಗಿದ್ದಾಗ ತಟ್ಟೆಯ ಹತ್ತಿರ ಬಾಗಿ ಮುಳ್ಳನ್ನು ಇಳಿಸಿ ನೋಡಿ. ಮೊದಲು ಮುಳ್ಳಿನ ತುದಿಯಿಂದಲೇ ಒಂದು ಸಣ್ಣ ಕೀಚಲು ಹಾಡು ಏಳುತ್ತದೆ, ಸೊಳ್ಳೆಯಷ್ಟು ತೆಳ್ಳಗೆ, ಆದರೂ ಪದಗಳು ತಿಳಿಯುವಷ್ಟು ಸ್ಪಷ್ಟವಾಗಿ. ಅದರ ಬೆನ್ನಿಗೇ ಅದೇ ಹಾಡು ಸ್ಪೀಕರಿನಿಂದ ತುಂಬಿಕೊಂಡು ಬರುತ್ತದೆ. 75 ಮಿಲಿಸೆಕೆಂಡ್ ಎಂದರೆ ದನಿ ಗಾಳಿಯಲ್ಲಿ ಸುಮಾರು 25 ಮೀಟರ್ ಸಾಗುವ ಹೊತ್ತು. ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ವೇದಿಕೆಯ ಹಾಡು ತಲುಪುವಷ್ಟು. ಎರಡು ಹೆಜ್ಜೆ ಹಿಂದೆ ಸರಿದರೆ ಮುಳ್ಳಿನ ಹಾಡು ಅಳಿಸಿಹೋಗುತ್ತದೆ. ಸಂಗೀತಕ್ಕೆ ಇದರಿಂದ ಹಾನಿಯೇನೂ ಇಲ್ಲ.

ಇಷ್ಟರಿಂದ ವೈರ್‌ಲೆಸ್ ವ್ಯವಸ್ಥೆ ನಿರ್ದೋಷಿ ಎಂದಾಗುವುದಿಲ್ಲ. ಅದರ ದೋಷ ದನಿಯದ್ದಲ್ಲ, ಆಯುಷ್ಯದ್ದು. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಬಂತು. ಅಂದು ಕೊಂಡದ್ದಕ್ಕೆ ಇಂದು ಮುಳ್ಳು ಬದಲಿಸಿ, ಎಣ್ಣೆ ಹಾಕಿ, ಯಾವ ಆಂಪ್ಲಿಫೈಯರಿಗೆ ಬೇಕಾದರೂ ಜೋಡಿಸಬಹುದು. ಅದೇ ಸೋನೋಸ್ 2020ರ ಜನವರಿಯಲ್ಲಿ ತನ್ನ ಹಳೆಯ ಸ್ಪೀಕರ್‌ಗಳಿಗೆ ಮೇ ತಿಂಗಳಿಂದ ಹೊಸ ತಂತ್ರಾಂಶ ಸಿಗುವುದಿಲ್ಲ ಎಂದು ಸಾರಿತು. ಮನೆಯಲ್ಲಿ ಒಂದೇ ಒಂದು ಹಳೆಯ ಪೆಟ್ಟಿಗೆ ಇದ್ದರೂ ಹೊಸವು ಕೂಡ ಅದರೊಂದಿಗೆ ನಿಂತುಹೋಗುವಂತಿತ್ತು. ಜನ ಸಿಟ್ಟಿಗೆದ್ದರು, ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು, ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಆ್ಯಪ್ ಬಂತು. 2024ರ ಮೇಯಲ್ಲಿ ಹೊಸ ಆ್ಯಪ್ ಬಂದಾಗ ಅದರಲ್ಲಿ ಹಳೆಯ ಅನುಕೂಲಗಳೇ ಕಾಣೆಯಾಗಿದ್ದವು. ಆ ಗದ್ದಲದ ನಂತರ 2025ರ ಜನವರಿಯಲ್ಲಿ ಮುಖ್ಯಸ್ಥರು ಸ್ಥಾನ ಬಿಟ್ಟರು. ಸ್ಪೀಕರಿನ ಕೋನ್ ಹರಿದಿರಲಿಲ್ಲ, ಮ್ಯಾಗ್ನೆಟ್ ಸತ್ತಿರಲಿಲ್ಲ. ದೂರದ ಕಚೇರಿಯೊಂದರಲ್ಲಿ ಆದ ತೀರ್ಮಾನಕ್ಕೆ ಮನೆಯ ದನಿ ತೊಡರಿಕೊಂಡಿತ್ತು. ಆದ್ದರಿಂದ ವೈರ್‌ಲೆಸ್‌ಗೆ ಜೋಡಿಸುವವರಿಗೆ ನನ್ನ ಸಲಹೆ: ಪ್ರೀಆಂಪನ್ನು ಪ್ರತ್ಯೇಕವಾಗಿ ಕೊಳ್ಳಿ, ಟರ್ನ್‌ಟೇಬಲ್ ಸಾಮಾನ್ಯ ತಂತಿಯದ್ದೇ ಇರಲಿ, ವೈರ್‌ಲೆಸ್ ಎಂಬುದು ಕೊನೆಯ ಕೊಂಡಿಯಾಗಿರಲಿ. ಆ ಕೊಂಡಿ ಮುಂದೆ ಕಳಚಿದರೂ ಉಳಿದದ್ದು ನಿಮ್ಮ ಕೈಯಲ್ಲಿರುತ್ತದೆ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಹೇಗೂ ಅಂಕಿಗಳಾಗುತ್ತದೆ ಎಂದ ಮೇಲೆ ರೆಕಾರ್ಡು ಏಕೆ?

ಅಂಗಡಿಯಲ್ಲಿ ಹೊಸದಾಗಿ ಸಿಗುವ ಎಲ್‌ಪಿಗಳ ಮಟ್ಟಿಗೆ ಉತ್ತರ ಅವರವರ ಸಂತೋಷಕ್ಕೆ ಬಿಟ್ಟದ್ದು. 2022ರಲ್ಲಿ ಅಮೆರಿಕದಲ್ಲಿ 1987ರ ನಂತರ ಮೊದಲ ಬಾರಿಗೆ ಸಿ.ಡಿ.ಗಳಿಗಿಂತ ಹೆಚ್ಚು ಎಲ್‌ಪಿಗಳು ಮಾರಾಟವಾದವು. ಆ ಸಂಗೀತವೆಲ್ಲ ಫೋನಿನಲ್ಲೂ ಸಿಗುತ್ತದೆ. ದೊಡ್ಡ ಹೊದಿಕೆಯ ಚಿತ್ರ, ಒಂದು ಬದಿಯನ್ನು ಕುಳಿತು ಪೂರ್ತಿ ಕೇಳುವ ತಾಳ್ಮೆ, ಇವೂ ಒಳ್ಳೆಯ ಕಾರಣಗಳೇ. ಅದರ ಮೇಲೆ ವಾದ ಬೆಳೆಸುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ಕರ್ನಾಟಕದ ಮನೆಗಳ ಅಟ್ಟಗಳಲ್ಲಿ, ಮಂಚದ ಕೆಳಗಿನ ಟ್ರಂಕುಗಳಲ್ಲಿ ಇರುವ ತಟ್ಟೆಗಳೆಲ್ಲ ಆ ಬಗೆಯವಲ್ಲ. ಕಂಪನಿ ನಾಟಕಗಳ ಹಾಡುಗಳು, ಹರಿಕಥೆಗಳು, ಪಿ. ಕಾಳಿಂಗರಾಯರ ಭಾವಗೀತೆಗಳು, ಮದುವೆ ಮನೆಗಳಲ್ಲಿ ಸವೆದ ನಾಗಸ್ವರದ ತಟ್ಟೆಗಳು. ಇವುಗಳಲ್ಲಿ ಯಾವುದು ಫೋನಿನಲ್ಲಿ ಸಿಗುತ್ತದೆ, ಯಾವುದು ಜಗತ್ತಿನಲ್ಲಿ ಇನ್ನು ನಾಲ್ಕೇ ಪ್ರತಿ ಉಳಿದಿದೆ ಎಂಬುದಕ್ಕೆ ಪಟ್ಟಿಯಿಲ್ಲ. ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ನೋಡಿ. ನಮಗೆ ಪರಿಚಿತವಾದ ಅವರ ದನಿ ಗಂಭೀರವಾದ, ಗಂಡುದನಿಗೆ ಹತ್ತಿರದ ಭಾರವಾದ ದನಿ. ಅದು ಅವರ ಹುಟ್ಟುದನಿಯಲ್ಲ; ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬದಲಾದದ್ದು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಎಳೆಯ ಗಂಗೂಬಾಯಿ ಎಚ್‌ಎಂವಿಗೆ ಹಾಡಿದ್ದರು. ಆ ಕಾಲದ ಕೆಲವು ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿದೆ. ಅವುಗಳಲ್ಲಿ ಕೇಳುವುದು ತೆಳುವಾದ, ಏರು ಶ್ರುತಿಯ, ಚುರುಕಾದ ಬೇರೆಯದೇ ಕಂಠ. ಒಬ್ಬ ಮಹಾ ಗಾಯಕಿಯ ಮೊದಲ ದನಿಗೆ ಇರುವ ಆಧಾರ ಅರಗಿನ ಆ ತಟ್ಟೆಗಳು. ಕೈಜಾರಿದರೆ ಅವು ಹೆಂಚಿನಂತೆ ಒಡೆಯುತ್ತವೆ.

ಒಡೆಯದಿದ್ದರೂ ಸವೆಯುತ್ತವೆ. ಉಕ್ಕಿನ ಮುಳ್ಳಿನ ಕಾಲದಲ್ಲಿ ಪ್ರತಿ ಬದಿಗೂ ಮುಳ್ಳು ಬದಲಿಸಬೇಕಿತ್ತು. ಬದಲಿಸದವರ ಮನೆಯ ತಟ್ಟೆಗಳ ಗೀರು ಬೂದಿ ಬಣ್ಣಕ್ಕೆ ತಿರುಗಿರುವುದನ್ನು ಬರಿಗಣ್ಣಿನಲ್ಲೇ ಕಾಣಬಹುದು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಳೆದುಕೊಳ್ಳುವುದು ನಮಗೆ ಹೊಸದೇನಲ್ಲ. 1934ರ 'ಸತಿ ಸುಲೋಚನಾ', ಕನ್ನಡದ ಮೊದಲ ವಾಕ್ಚಿತ್ರ, ಅದರ ಒಂದು ಪ್ರಿಂಟೂ ಇಂದು ನಮ್ಮ ಬಳಿ ಇಲ್ಲ.

ಇಂಥ ಒಂದು ತಟ್ಟೆಯನ್ನು ವೈರ್‌ಲೆಸ್ ಸ್ಪೀಕರಿಗೆ ಜೋಡಿಸಿ ಕೇಳುವಾಗ ಏನಾಗುತ್ತಿದೆ ಎಂದು ಯೋಚಿಸಿ. ಲೈನ್-ಇನ್ ಕಿಂಡಿಯ ಹಿಂದಿನ ಚಿಪ್ಪು ಆ ದನಿಯನ್ನು ಅಂಕಿಗಳನ್ನಾಗಿ ಬರೆಯುತ್ತಿದೆ. ಗ್ರಂಥಾಲಯಗಳೂ ದಾಖಲೆ ಸಂಸ್ಥೆಗಳೂ ಮಾಡಬೇಕೆಂದು ಹಂಬಲಿಸುವ ಕೆಲಸ ನಮ್ಮ ಹಾಲಿನಲ್ಲಿ ತಾನಾಗಿಯೇ ನಡೆಯುತ್ತಿದೆ. 75 ಮಿಲಿಸೆಕೆಂಡಿನ ಬಳಿಕ ಅದೇ ಚಿಪ್ಪು ಬರೆದದ್ದನ್ನೆಲ್ಲ ಅಳಿಸಿ ಮುಂದಕ್ಕೆ ಹೋಗುತ್ತದೆ. ಇನ್ನು ಎಷ್ಟು ಸಲ ನುಡಿಯುತ್ತದೋ ತಿಳಿಯದ ತಟ್ಟೆಯೊಂದನ್ನು ಒಮ್ಮೆ ಸವೆಸಿ, ಅಂಕಿಗಳನ್ನಾಗಿಸಿ, ಒಂದು ಪ್ರತಿಯನ್ನೂ ಇಟ್ಟುಕೊಳ್ಳದೆ ಬಿಡುವುದನ್ನು ನಾನು ಒಪ್ಪಲಾರೆ. ಡಿಜಿಟಲ್ ಆದದ್ದು ಪಾಪವೋ ಪುಣ್ಯವೋ ಎಂಬ ಚರ್ಚೆಗೆ ನಾವು ಸುರಿದ ಶಕ್ತಿಯಲ್ಲಿ ಸ್ವಲ್ಪವನ್ನಾದರೂ ಇದಕ್ಕೆ ಕೊಡಬೇಕಿತ್ತು.

ಉಳಿಸಿಕೊಳ್ಳುವ ಕೆಲಸ ದೊಡ್ಡದಲ್ಲ. ಪ್ರೀಆಂಪಿನಿಂದ ಹೊರಡುವ ದನಿಯನ್ನು ಕವಲು ಮಾಡಿ ಒಂದು ಕವಲನ್ನು ಸ್ಪೀಕರಿಗೆ, ಇನ್ನೊಂದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಟ್ಟರಾಯಿತು. ಅನೇಕ ಟರ್ನ್‌ಟೇಬಲ್‌ಗಳಲ್ಲೂ ಪ್ರೀಆಂಪ್‌ಗಳಲ್ಲೂ ಯುಎಸ್‌ಬಿ ಈಗ ಒಳಗೇ ಇರುತ್ತದೆ. ಅಡಾಸಿಟಿ ಎಂಬ ತಂತ್ರಾಂಶ ಉಚಿತ. ಸೆಕೆಂಡಿಗೆ 96,000 ಅಳತೆ, 24 ಬಿಟ್ ಎಂದು ಇಟ್ಟುಕೊಂಡರೆ ಮೂರು ನಿಮಿಷದ ಒಂದು ಬದಿಗೆ ಬೇಕಾದ ಜಾಗ ಸುಮಾರು 104 ಮೆಗಾಬೈಟ್. ಫೋನಿನಲ್ಲಿ ತೆಗೆದ ಸಣ್ಣ ವಿಡಿಯೋ ಒಂದು ಇಷ್ಟನ್ನು ನುಂಗುತ್ತದೆ. ಚಟಪಟ ಸದ್ದನ್ನು ತೆಗೆಯುವ ಆಸೆಗೆ ಬೀಳದೆ, ಬಂದದ್ದು ಬಂದಂತೆ ಒಂದು ಪ್ರತಿಯನ್ನು ಮೊದಲು ಇಡಬೇಕು. ಶುಚಿ ಮಾಡಿದ ಪ್ರತಿ ಬೇಕಿದ್ದರೆ ಅದು ಎರಡನೆಯದಾಗಿರಲಿ. ಇಂದಿನ ಸದ್ದು ತೆಗೆಯುವ ತಂತ್ರ ಒರಟಾದದ್ದು, ಹಾಡಿನ ಉಸಿರನ್ನೂ ಜೊತೆಗೆ ಒರೆಸಿಬಿಡುತ್ತದೆ. ಮೂಲ ಪ್ರತಿ ಇದ್ದರೆ ನಾಳಿನ ಒಳ್ಳೆಯ ತಂತ್ರಕ್ಕೂ ಕೆಲಸವಿರುತ್ತದೆ.

ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಅರಗಿನ ತಟ್ಟೆಗಳ, ಅಂದರೆ 78ರ ತಟ್ಟೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್. 78ರ ಗೀರಿಗೆ ಬೇಕಾದದ್ದು ಅದರ ನಾಲ್ಕು ಪಟ್ಟು, ಸುಮಾರು 75. ಸಣ್ಣ ಮುಳ್ಳು ಗೀರಿನ ತಳಕ್ಕೆ ಇಳಿದು ಧೂಳನ್ನು ಕೆರೆಯುತ್ತದೆಯೇ ಹೊರತು ಹಾಡನ್ನು ಮುಟ್ಟುವುದಿಲ್ಲ. ಅನೇಕ ಕಾರ್ಟ್ರಿಡ್ಜ್‌ಗಳಿಗೆ 78ರ ಮುಳ್ಳು ಬೇರೆಯಾಗಿಯೇ ಸಿಗುತ್ತದೆ. ಟರ್ನ್‌ಟೇಬಲ್ಲಿನಲ್ಲಿ 78ರ ವೇಗವೇ ಇಲ್ಲದಿದ್ದರೆ 45ರಲ್ಲಿ ನುಡಿಸಿ, ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ವೇಗ ಏರಿಸಬಹುದು. ಆರಂಭದ ತಟ್ಟೆಗಳು ಕರಾರುವಾಕ್ಕಾಗಿ 78ರಲ್ಲೂ ಇರಲಿಲ್ಲ, ಕಂಪನಿಗೊಂದು ವೇಗವಿತ್ತು. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ಗಾಯಕರ ಕಂಠವೇ ಬೇರೆಯವರದ್ದೆನಿಸುತ್ತದೆ. ಸಂಗೀತ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. 1954ಕ್ಕೆ ಮುಂಚಿನ ತಟ್ಟೆಗಳಿಗೆ ಆರ್‌ಐಎಎ ತಿದ್ದುಪಡಿ ಸರಿಹೊಂದುವುದೂ ಇಲ್ಲ, ಅದನ್ನೂ ಆಮೇಲೆ ತಿದ್ದಬೇಕು. ಇನ್ನೊಂದು ಮುಖ್ಯ ಮಾತು: 78ರ ತಟ್ಟೆಯನ್ನು ಸ್ಪಿರಿಟ್ ಹಚ್ಚಿ ಒರೆಸಲೇಬೇಡಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ನಮ್ಮಲ್ಲಿ 1960ರ ದಶಕದಲ್ಲೂ 78ರ ತಟ್ಟೆಗಳು ಹೊರಬರುತ್ತಿದ್ದವು, ಬೀಟಲ್ಸ್ ಹಾಡುಗಳು ಸಹ ಭಾರತದಲ್ಲಿ 78ರಲ್ಲಿ ಬಂದಿವೆ. ಆದ್ದರಿಂದ ಅಜ್ಜನ ಕಾಲದ್ದಲ್ಲ, ಅಪ್ಪನ ಕಾಲದ್ದು ಎಂದಮಾತ್ರಕ್ಕೆ ಎಲ್‌ಪಿ ಎಂದು ತಿಳಿಯಬಾರದು, ಲೇಬಲ್ ಓದಬೇಕು.

ಲೇಬಲ್ ಎಂದಾಗ ಗೌಹರ್ ಜಾನ್ ನೆನಪಾಗುತ್ತಾರೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗ್ರಾಮಫೋನ್ ಕಂಪನಿಗಾಗಿ ಮುದ್ರಿಸಿಕೊಂಡ ಗಾಯಕಿ ಆಕೆ. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಮೇಣದ ಮೂಲ ಪ್ರತಿಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಭಾಷೆ ತಿಳಿಯದ ಕೆಲಸಗಾರರು ಯಾವ ತಟ್ಟೆ ಯಾರದೆಂದು ತಪ್ಪದೆ ಬರೆಯಲಿ ಎಂಬುದು ಅದರ ಉದ್ದೇಶ. ಮುಂದೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕೊನೆಗಾಲ ಬಡತನದಲ್ಲೂ ಒಂಟಿತನದಲ್ಲೂ ಕಳೆಯಿತು. ಆದರೆ ಆ ತಟ್ಟೆಗಳಲ್ಲಿ ಹಾಡಿದವರು ಯಾರು ಎಂಬ ಪ್ರಶ್ನೆ ಇಂದಿಗೂ ಏಳುವುದಿಲ್ಲ, ಆಕೆಯೇ ಹೇಳಿಟ್ಟಿದ್ದಾರೆ. ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ 'ಟ್ರ್ಯಾಕ್ 1', 'ಹಳೇ ಹಾಡು' ಎಂಬ ಹೆಸರಿನಲ್ಲಿ ಉಳಿದ ದನಿ ಹತ್ತು ವರ್ಷಗಳ ಬಳಿಕ ಯಾರದ್ದೂ ಅಲ್ಲ. ಆದ್ದರಿಂದ ಮುದ್ರಿಸಿದ ಮೇಲೆ ಎರಡೂ ಬದಿಯ ಲೇಬಲ್ಲಿನ ಫೋಟೋ ತೆಗೆಯಬೇಕು. ಗೀರು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪಾದ ಪಟ್ಟಿಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ, ಅಂಕಿಗಳ ಒಂದು ಸಾಲು ಕಾಣುತ್ತದೆ. ಅದು ಆ ಮುದ್ರಣದ ಗುರುತಿನ ಸಂಖ್ಯೆ. ಲೇಬಲ್ ಹರಿದು ಮಾಸಿಹೋಗಿದ್ದರೂ ಆ ಸಂಖ್ಯೆಯಿಂದ ಯಾರು, ಯಾವ ಕಾಲ ಎಂದು ಪತ್ತೆ ಹಚ್ಚಬಹುದು. ಅದನ್ನೂ ಬರೆದಿಡಬೇಕು.

ಕಾನೂನಿನ ಭಯ ಅನೇಕರನ್ನು ತಡೆಯುತ್ತದೆ. ಖಾಸಗಿ ಬಳಕೆಗೂ ಸಂಶೋಧನೆಗೂ ಮಾಡಿಕೊಳ್ಳುವ ನ್ಯಾಯಯುತ ಪ್ರತಿಗೆ ಭಾರತದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ. ಧ್ವನಿಮುದ್ರಿಕೆಯ ಹಕ್ಕು ಇರುವುದು ಅದು ಪ್ರಕಟವಾದ ಮರುವರ್ಷದ ಮೊದಲಿನಿಂದ 60 ವರ್ಷ. 1930ರ, 40ರ ದಶಕಗಳ ತಟ್ಟೆಗಳ ಮೇಲಿನ ಮುದ್ರಣದ ಹಕ್ಕು ಎಂದೋ ತೀರಿದೆ. ಸಾಹಿತ್ಯ ಬರೆದವರ, ರಾಗ ಹಾಕಿದವರ ಹಕ್ಕು ಬೇರೆ; ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಹಾಗಾಗಿ ಎಲ್ಲವನ್ನೂ ಎಲ್ಲರಿಗೂ ಹಂಚಲಾಗದಿರಬಹುದು. ಹಂಚುವುದು ಆಮೇಲಿನ ಮಾತು, ಮೊದಲು ಉಳಿಯಬೇಕು. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ತಟ್ಟೆಗಳನ್ನು ಅಂಕಿಗಳಿಗೆ ಇಳಿಸಿ ಸಾರ್ವಜನಿಕರಿಗೆ ಕೇಳಿಸಿದೆ. ಆದರೆ ಯಾವ ಸಂಸ್ಥೆಯೂ ಪ್ರತಿ ಮನೆಯ ಅಟ್ಟ ಹತ್ತಲಾರದು. ಅಟ್ಟ ನಮ್ಮದು, ಏಣಿಯೂ ನಮ್ಮದು.

ನಿಮ್ಮ ಮನೆಯಲ್ಲಿ ಟರ್ನ್‌ಟೇಬಲ್ ಇದ್ದರೆ ಅದನ್ನು ವೈರ್‌ಲೆಸ್ ಸ್ಪೀಕರಿಗೆ ನಿಸ್ಸಂಕೋಚವಾಗಿ ಜೋಡಿಸಿ, ಮನೆಯವರೆಲ್ಲ ಎಲ್ಲ ಕೋಣೆಗಳಲ್ಲಿ ಕೇಳಿ. ಬೇರೆಲ್ಲೂ ಸಿಗದ ತಟ್ಟೆಯೊಂದು ಕೈಗೆ ಬಂದ ದಿನ ಮಾತ್ರ ಮುಳ್ಳು ಇಳಿಸುವ ಮೊದಲು ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಮುದ್ರಣದ ಗುಂಡಿ ಒತ್ತಿ. ನೆರೆಮನೆಯ ಅಜ್ಜಿಯ ಟ್ರಂಕಿನಲ್ಲೂ ಅಂಥವು ಇದ್ದಾವೇ ಎಂದು ಕೇಳಿ ನೋಡಿ.